ಓಡದ ಕಾರುಗಳ ಊರು

ಕರಾವಳಿಯಲ್ಲಿ ಕಾರುಗಳು ಓಡುವುದಿಲ್ಲ. ಇದು ನನ್ನ ಮಾತಲ್ಲ, ಮೀಟರ್ ಹೇಳುವ ಮಾತು. ತಲಪಾಡಿಯಿಂದ ಕುಂದಾಪುರದವರೆಗೆ ಹೆದ್ದಾರಿ 66ರ ಬದಿಯಲ್ಲಿ ಮೇಲೆ ಶೀಟ್ ಹಾಕಿ, ಬಣ್ಣದ ಪತಾಕೆ ಕಟ್ಟಿ, ಕಾರುಗಳನ್ನು ಸಾಲಾಗಿ ನಿಲ್ಲಿಸಿದ ಯಾವ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಎಂಟು ವರ್ಷದ ಕಾರು, 48 ಸಾವಿರ ಕಿಲೋಮೀಟರ್. ಹತ್ತು ವರ್ಷದ್ದು, 52 ಸಾವಿರ. ಹನ್ನೆರಡು ವರ್ಷದ ಡೀಸೆಲ್ ಗಾಡಿ, ಅದೂ ಏಳು ಸೀಟಿನದ್ದು, 61 ಸಾವಿರ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು, ನಿಜ, ಆದರೆ ಈ ವಿಷಯದಲ್ಲಿ ಮಂಗಳೂರಿನ ಕೆಎ 19 ಮತ್ತು ಉಡುಪಿಯ ಕೆಎ 20 ನಂಬರಿನ ಗಾಡಿಗಳ ನಡುವೆ ಒಂದು ಚೂರೂ ಭಿನ್ನಾಭಿಪ್ರಾಯ ಇಲ್ಲ.

ಹಾಗಾದರೆ ದಿನಾ ಬೆಳಿಗ್ಗೆ ನಂತೂರು ಸರ್ಕಲ್‌ನಲ್ಲಿ ನಮ್ಮ ಬೆನ್ನಿಗೆ ಹಾರ್ನ್ ಹೊಡೆಯುವವರು ಯಾರು? ಹೆಜಮಾಡಿ ಟೋಲ್‌ನಲ್ಲಿ ಕ್ಯೂ ನಿಲ್ಲುವ ಗಾಡಿಗಳು ಎಲ್ಲಿಂದ ಬರುತ್ತವೆ? ಒಂದು ಸಾಧ್ಯತೆ ಉಂಟು. ಪಂಪ್‌ವೆಲ್ ಫ್ಲೈಓವರ್ ಯಾವಾಗ ಮುಗಿಯುತ್ತದೆ ಅಂತ ಕಾಯುತ್ತಾ 2020ರ ಜನವರಿವರೆಗೆ ಎಲ್ಲರೂ ಅಲ್ಲೇ ಎಂಜಿನ್ ಆನ್ ಮಾಡಿಕೊಂಡು ನಿಂತಿದ್ದರಲ್ಲ, ಆಗ ಡೀಸೆಲ್ ಖಾಲಿಯಾಯಿತೇ ಹೊರತು ಕಿಲೋಮೀಟರ್ ಏರಲಿಲ್ಲ.

ಅಂಗಡಿಯವರ ಬಳಿ ಬೇರೆ ವಿವರಣೆ ಉಂಟು. ಅಲ್ಲಿಗೆ ಬರುವ ಕಾರುಗಳ ಹಳೆಯ ಮಾಲೀಕರು ಮೂರೇ ಜಾತಿಯವರು. ಒಬ್ಬರು ಗಲ್ಫಿನಲ್ಲಿರುವವರು, ವರ್ಷಕ್ಕೊಮ್ಮೆ ಊರಿಗೆ ಬಂದು ಎರಡು ಮದುವೆ, ಒಂದು ಭೂತಕೋಲ ಮುಗಿಸಿ ಕಾರನ್ನು ಶೆಡ್ಡಿಗೆ ಹಾಕಿ ವಿಮಾನ ಹತ್ತುವವರು. ಇನ್ನೊಬ್ಬರು ರಿಟೈರ್ ಆದ ಹೆಡ್ಮಾಸ್ಟರು, ಕಟೀಲಿಗೆ ಹೋಗಿ ಬರಲಿಕ್ಕೆ ಮಾತ್ರ ಗಾಡಿ ತೆಗೆಯುವವರು, ಅದೂ ಮಳೆ ಇಲ್ಲದಿದ್ದರೆ. ಮೂರನೆಯವರು ಡಾಕ್ಟರು. ಕಾರು ಮಾರಿದ ಡಾಕ್ಟರುಗಳನ್ನೆಲ್ಲ ಒಟ್ಟು ಸೇರಿಸಿದರೆ ಮೆಡಿಕಲ್ ಕಾಲೇಜುಗಳ ಊರಾದ ಮಣಿಪಾಲ, ದೇರಳಕಟ್ಟೆ ಎರಡೂ ತುಂಬಿ, ಉಳಿದವರನ್ನು ಕೂರಿಸಲಿಕ್ಕೆ ನೆಹರೂ ಮೈದಾನ ಬೇಕಾದೀತು. ಮೀನು ಮಾರುವವರು, ಕ್ಯಾಟರಿಂಗಿನವರು, ಏರ್‌ಪೋರ್ಟಿಗೆ ಬಿಳಿ ಬೋರ್ಡಿನಲ್ಲೇ ಬಾಡಿಗೆ ಹೊಡೆಯುವವರು ಇಲ್ಲಿ ಕಾರು ಮಾರಿದ ದಾಖಲೆಯೇ ಇಲ್ಲ. ಅವರ ಕಾರುಗಳು ಮುದಿಯಾದ ಮೇಲೆ ಸೀದಾ ಸ್ವರ್ಗಕ್ಕೆ ಹೋಗುತ್ತವೆ.

ನನ್ನ ಭಾವನಿಗೆ ಒಂದು ಕಾರು ಬೇಕಿತ್ತು. ಹೊಸತಕ್ಕೆ ಬಜೆಟ್ ಇಲ್ಲ. ಜೊತೆಗೆ ಬಾ ಅಂದರು, ಹೋದೆ. ಅಂಗಡಿಯ ಹೆಸರು ಬೇಡ, ಉಡುಪಿಯಿಂದ ಸ್ವಲ್ಪ ದೂರ ಅಂದರೆ ಸಾಕು. ಬೆಳ್ಳಿ ಬಣ್ಣದ ಕಾರು, ಎಂಟು ವರ್ಷ, ಮೀಟರ್‌ನಲ್ಲಿ 48 ಸಾವಿರದ ಚಿಲ್ಲರೆ. ಬಾಗಿಲು ತೆಗೆದ ಕೂಡಲೇ ಮಲ್ಲಿಗೆ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ಸಣ್ಣ ಬಾಟಲಿಯದ್ದಲ್ಲ, ಶಂಕರಪುರದ ಇಡೀ ಮಲ್ಲಿಗೆ ಕಟ್ಟೆಯನ್ನು ಒಳಗೆ ಸುರಿದಷ್ಟು.

"ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್," ಅಂದ ಸೇಲ್ಸ್ ಹುಡುಗ. "ಮನೆ ಉಡುಪಿ, ಡ್ಯೂಟಿ ಮಂಗಳೂರು. ದಿನಾ ಹೋಗಿ ಬರ್ತಿದ್ರು. ಫುಲ್ ಹೈವೇ ರನ್ನಿಂಗ್. ಎಂಜಿನ್ ಬೆಣ್ಣೆ ಹಾಗೆ ಉಂಟು."

ನಾನು ಸುಮ್ನೆ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಉಡುಪಿಯಿಂದ ಮಂಗಳೂರಿಗೆ ಹತ್ತಿರ ಹತ್ತಿರ 55 ಕಿಲೋಮೀಟರ್. ಹೋಗಿ ಬರಲಿಕ್ಕೆ 110. ತಿಂಗಳಿಗೆ 25 ದಿನ ಅಂದರೂ 2,750. ವರ್ಷಕ್ಕೆ 33 ಸಾವಿರ. ಎಂಟು ವರ್ಷಕ್ಕೆ ಎರಡು ಲಕ್ಷದ 64 ಸಾವಿರ. ಮೀಟರ್ ಪ್ರಕಾರ ಡಾಕ್ಟರ್ ಒಂದೂವರೆ ವರ್ಷ ಡ್ಯೂಟಿಗೆ ಹೋಗಿದ್ದಾರೆ. ಉಳಿದ ಆರೂವರೆ ವರ್ಷ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದರಾ ಅಂತ ಕೇಳಿದೆ.

ಹುಡುಗ ಒಂದು ಕ್ಷಣವೂ ಯೋಚಿಸಲಿಲ್ಲ. "ಡಾಕ್ಟರುಗಳಿಗೆ ರಜೆ ಜಾಸ್ತಿ ಅಲ್ವಾ ಸಾರ್."

ಈ ಧೈರ್ಯಕ್ಕೆ ನಾನು ಮನಸ್ಸಲ್ಲೇ ಕೈಮುಗಿದೆ. ಹಿಂದೆ ಮೀಟರ್ ಒಳಗೆ ಹಲ್ಲಿನ ಚಕ್ರಗಳಿದ್ದವು, ತಿರುಗಿಸುವುದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಿತ್ತು, ಮೆಕ್ಯಾನಿಕ್ ಬೇಕಿತ್ತು, ಒಟ್ಟಾರೆ ಸುಳ್ಳಿಗೂ ಸ್ವಲ್ಪ ಬೆವರು ಸುರಿಸಬೇಕಿತ್ತು. ಈಗಿನದ್ದು ಚಿಪ್ಪಿನಲ್ಲಿರುವ ಬರೀ ಒಂದು ಸಂಖ್ಯೆ. ಒಂದು ಸಣ್ಣ ಯಂತ್ರ ಸಿಕ್ಕಿಸಿ, ಬೇಕಾದ ಅಂಕಿ ಒತ್ತಿದರೆ ಆಯಿತು. ಚಾ ತಣ್ಣಗಾಗುವುದರೊಳಗೆ ಕಾರಿಗೆ ಪ್ರಾಯ ಬಂದಿರುತ್ತದೆ.

ಆದರೆ ಮೀಟರ್ ತಿರುಗಿಸುವವರು ಯಾಕೋ ಕೆಳಗೆ ಬಗ್ಗಿ ನೋಡುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ಬಲಗಡೆ ಪೂರ್ತಿ ನುಣ್ಣಗಾಗಿ ಅಂಚಿನಲ್ಲಿ ಕಬ್ಬಿಣ ಇಣುಕುತ್ತಿತ್ತು. ಕ್ಲಚ್ಚಿನದ್ದು ಮಾತ್ರ ಹೊಸ ರಬ್ಬರ್, ಅದರ ಮೇಲಿನ ಗೆರೆಗಳಿಗೆ ಇನ್ನೂ ಮಣ್ಣೇ ತಾಗಿಲ್ಲ. ಸ್ಟಿಯರಿಂಗ್‌ಗೆ ಹೊಸ ಕವರ್ ಹೊಲಿದಿದ್ದರು, ಬೆರಳಿನಿಂದ ಸ್ವಲ್ಪ ಎಬ್ಬಿಸಿದರೆ ಒಳಗೆ ಸವೆದು ಸವೆದು ಹೊಳೆಯುವ ಕರಿ ಪ್ಲಾಸ್ಟಿಕ್. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ ನೋಡಿ, ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕು ಟಯರಿಗೆ ನಾಲ್ಕು ಬೇರೆ ಬೇರೆ ವರ್ಷ, ಒಂದೂ ಕಾರಿನ ವರ್ಷ ಅಲ್ಲ. ಅಂದರೆ ಓಡದೇ ನಿಂತ ಗಾಡಿಯ ಟಯರ್ ಸವೆದು, ಬದಲಾಗಿ, ಮತ್ತೆ ಸವೆದಿದೆ. ಹೀಗೂ ಉಂಟಾ ಅಂತ ಕೇಳಿದರೆ "ಡಾಕ್ಟರಿಗೆ ಸೇಫ್ಟಿ ಮುಖ್ಯ ಸಾರ್" ಅನ್ನುವ ಉತ್ತರ ರೆಡಿ ಇತ್ತು.

ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿದೆವು. ಅಡಿಯಲ್ಲಿ ತುಕ್ಕು, ಮೇಲ್ಪದರ ಸಿಪ್ಪೆಯಾಗಿ ಕೈಗೆ ಬರುವಂಥದ್ದು. ಮುಂದಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ 'ತುಕ್ಕು ರಹಿತ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು.

"ಇದು ಎಂತದು?" ಅಂದರು ಭಾವ.

"ಅದು ಊರಿನ ಹವೆ ಸಾರ್. ಸಮುದ್ರ ಹತ್ರ ಅಲ್ವಾ."

ಹವೆಯ ಮೇಲೆ ಹಾಕಿದರೆ ಯಾರೂ ಮಾತಾಡುವ ಹಾಗಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು. ಆದರೆ ಮಳೆ ಕಾರಿನ ಹೊರಗೆ ಬೀಳುವುದು ತಾನೇ? ಇಲ್ಲಿ ಡಿಕ್ಕಿಯ ಒಳಗೆ, ಅದೂ ಒಂದು ಚೌಕಾಕಾರದಲ್ಲಿ ಮಾತ್ರ ಬಿದ್ದ ಹಾಗೆ ಕಾಣುತ್ತಿತ್ತು. ಆಗ ಅದರ ಅರ್ಥ ನಮಗೆ ಹೊಳೆಯಲಿಲ್ಲ.

ಇನ್ನು ಕಾನೂನು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಹಳೆ ಗಾಡಿ ಮಾರುವ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕೃತ ಪತ್ರ ಪಡೆಯಬೇಕು. ಗಾಡಿ ಕೈಗೆ ಬಂದದ್ದನ್ನು ಆನ್‌ಲೈನಿನಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ಅದು ಮಾರಾಟ ಆಗುವವರೆಗೆ ಡೀಲರೇ ಮಾಲೀಕ ಅಂತ ಲೆಕ್ಕ. ಗಾಡಿಯನ್ನು ಟೆಸ್ಟ್ ಡ್ರೈವ್, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ರಸ್ತೆಗೆ ಇಳಿಸುವಂತಿಲ್ಲ, ಇಳಿಸಿದರೆ ಯಾಕೆ, ಯಾರು, ಎಷ್ಟು ಕಿಲೋಮೀಟರ್ ಅಂತ ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ಬರೆಯಬೇಕು. ಓದಲಿಕ್ಕೆ ಭಾರಿ ಲಾಯ್ಕ್ ಉಂಟು.

ಆ ಪತ್ರ ಎಲ್ಲಿದೆ ಅಂತ ಕೇಳಿದೆ. ಹುಡುಗ ಗೋಡೆ ತೋರಿಸಿದ. ಅಲ್ಲಿ ಕೃಷ್ಣ ಮಠದ ಕೃಷ್ಣನ ಫೋಟೋ ಇತ್ತು, ಮಾಲೆ ಸಮೇತ.

"ಪತ್ರ ಎಲ್ಲ ಬೆಂಗಳೂರಲ್ಲಿ ಕೇಳ್ತಾರೆ ಸಾರ್. ಇಲ್ಲಿ ಎಲ್ಲ ವಿಶ್ವಾಸದ ಮೇಲೆ. ನಿನ್ನೆ ತಾನೇ ನಮ್ಮ ಓನರ್ ಇದೇ ಗಾಡಿಯಲ್ಲಿ ಫ್ಯಾಮಿಲಿ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗಿ ಬಂದ್ರು. ಒಂದು ಸಣ್ಣ ಸೌಂಡ್ ಇಲ್ಲ."

ಟ್ರಿಪ್ ರಿಜಿಸ್ಟರಿನಲ್ಲಿ ಅದನ್ನು ಹೇಗೆ ಬರೆದರೋ ಗೊತ್ತಿಲ್ಲ. ಉದ್ದೇಶ: ಹರಕೆ.

ಆಮೇಲೆ ರೇಟಿಗೆ ಬಂದೆವು. ಕೊನೆಯ ರೇಟು ಹೇಳಿದ ಮೇಲೆ, ಎದ್ದು ನಿಲ್ಲುವ ಹೊತ್ತಿಗೆ, "ಮತ್ತೆ ಜಿಎಸ್‌ಟಿ 18 ಪರ್ಸೆಂಟ್ ಬೇರೆ" ಅಂದ. ಹಳೆ ಗಾಡಿಗಳಿಗೆಲ್ಲ 18 ಅಂತ ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ತೀರ್ಮಾನ ಮಾಡಿದ್ದು ಹೌದು, ಆದರೆ ಅದು ಇಡೀ ಬೆಲೆಯ ಮೇಲಲ್ಲ. ಡೀಲರ್ ಮೂರು ಲಕ್ಷಕ್ಕೆ ತಗೊಂಡು ಮೂರೂವರೆಗೆ ಮಾರಿದರೆ ನಡುವಿನ ಐವತ್ತು ಸಾವಿರದ ಮೇಲೆ ಮಾತ್ರ ತೆರಿಗೆ. ಅಷ್ಟು ಹೇಳಿ, "ಕೊಡುವ, ಅದಕ್ಕೇನು. ನೀವು ಎಷ್ಟಕ್ಕೆ ತಗೊಂಡದ್ದು ಅಂತ ಹೇಳಿ, ಲೆಕ್ಕ ಹಾಕುವ" ಅಂದೆ.

ಅಂಗಡಿಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಒಳಗಿನ ಕ್ಯಾಬಿನ್‌ನಿಂದ ಓನರೇ ಎದ್ದು ಬಂದರು. "ಜಿಎಸ್‌ಟಿ ಬಿಡಿ ಮಾರಾಯ್ರೇ. ನೀವು ನಮ್ಮವರೇ ಅಲ್ವಾ." ಇಡೀ ದೇಶದ ತೆರಿಗೆ ಪದ್ಧತಿ ಒಂದು ಪ್ರಶ್ನೆಗೆ ಮನ್ನಾ ಆಯಿತು.

ಆರ್‌ಸಿಯಲ್ಲಿದ್ದ ಹೆಸರಿನ ಮುಂದೆ 'ಡಾ.' ಇರಲಿಲ್ಲ. ವಿಳಾಸ ಮಲ್ಪೆಯದ್ದು. ಅದಕ್ಕೂ ಕಾರಣ ಇತ್ತು: "ಡಾಕ್ಟರ್ ತಮ್ಮನ ಹೆಸರಲ್ಲಿ ಮಾಡಿದ್ದು, ಟ್ಯಾಕ್ಸ್ ವಿಷಯ." ಹೆಸರು ಬದಲಾವಣೆಗೆ ಬೇಕಾದ ಫಾರಂ 29, ಫಾರಂ 30 ಎರಡಕ್ಕೂ ಆ ತಮ್ಮನ ಸಹಿ ಮೊದಲೇ ಬಿದ್ದಿತ್ತು, ಉಳಿದದ್ದೆಲ್ಲ ಖಾಲಿ. ಯಾರಿಗೆ ಮಾರಿದ್ದು, ಯಾವತ್ತು ಮಾರಿದ್ದು, ಎಲ್ಲ ಖಾಲಿ. ಹಳೆ ಕಾರಿನ ವ್ಯಾಪಾರ ನಿಂತಿರುವುದೇ ಈ ಖಾಲಿ ಜಾಗದ ಮೇಲೆ. ಅದು ಖಾಲಿ ಇರುವಷ್ಟು ದಿನ ಗಾಡಿ ಹತ್ತು ಕೈ ಬದಲಾದರೂ 'ಸಿಂಗಲ್ ಓನರ್'.

ಇಷ್ಟಾದ ಮೇಲೂ ಭಾವ ಅದೇ ಕಾರು ತಗೊಂಡರು. ಅಕ್ಕನಿಗೆ ಬೆಳ್ಳಿ ಬಣ್ಣ ಇಷ್ಟವಾಗಿತ್ತು, ಅಲ್ಲಿಗೆ ಮಾತು ಮುಗಿಯಿತು. ವಾರಂಟಿ ಕಾರ್ಡೂ ಕೊಟ್ಟರು. ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಮಾತ್ರ, ಅದರಲ್ಲೂ ಸವೆಯುವ ಭಾಗಗಳನ್ನು ಬಿಟ್ಟು. ಎಂಜಿನ್ ಒಳಗೆ ಸವೆಯದ ಭಾಗ ಯಾವುದು ಅಂತ ಕಾರ್ಡಿನಲ್ಲಿ ಬರೆದಿಲ್ಲ.

ಹೆಸರು ಬದಲಾವಣೆ "ಒಂದು ವಾರದಲ್ಲಿ ಆಗ್ತದೆ" ಅಂದಿದ್ದರು. ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫೋನ್ ಮಾಡಿದಾಗಲೆಲ್ಲ ಒಂದೊಂದು ಕಾರಣ. ಸರ್ವರ್ ಡೌನ್. ಏಜೆಂಟರ ಮನೆಯಲ್ಲಿ ನೇಮ. ಸಾಹೇಬ್ರು ಟ್ರೈನಿಂಗಿಗೆ ಹೋಗಿದ್ದಾರೆ. ಪುನಃ ಸರ್ವರ್. ಇದು ಬರೀ ತಲೆನೋವಿನ ವಿಷಯವೂ ಅಲ್ಲ. ಕೈಯಿಂದ ಕೈಗೆ ಮಾರಾಟವಾದ ಒಂದು ಕಾರಿನ ಅಪಘಾತದ ಕೇಸಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ ತೀರ್ಪು ಕೊಟ್ಟಿದೆ. ಅಂದರೆ ನಮ್ಮ ಭಾವ ಎಲ್ಲಾದರೂ ಗುದ್ದಿದರೆ ಕೋರ್ಟಿನ ನೋಟಿಸ್ ಮಲ್ಪೆಗೆ.

ಸದ್ಯ, ಮಲ್ಪೆಗೆ ಹೋದದ್ದು ದಂಡದ ಮೆಸೇಜು ಮಾತ್ರ. ಭಾವ ಸೀಟ್ ಬೆಲ್ಟ್ ಹಾಕದೇ ಕ್ಯಾಮೆರಾಕ್ಕೆ ಬಿದ್ದಿದ್ದರು. ಮರುದಿನವೇ ಅಂಗಡಿಯಿಂದ ನಂಬರ್ ತಗೊಂಡು 'ಡಾಕ್ಟರ ತಮ್ಮ' ಫೋನ್ ಮಾಡಿದರು. ಬೈಯುತ್ತಾರೇನೋ ಅಂತ ಭಾವ ಹೆದರಿ ಸ್ಪೀಕರಿಗೆ ಹಾಕಿದರು. ಪಾಪ, ಒಳ್ಳೆ ಜನ.

"ದಂಡ ಕಟ್ಟಿದ್ರೆ ಸಾಕು ಭಾವ, ಹೆಸರು ಒಂದು ಬೇಗ ಚೇಂಜ್ ಮಾಡಿಸಿ. ಗಾಡಿ ಹೇಗುಂಟು? ಎಂಜಿನ್ ಗಟ್ಟಿ ಉಂಟು ಮಾರಾಯ್ರೇ, ನಾನು ಕೊಡುವಾಗ ಎರಡು ಲಕ್ಷದ ಹತ್ತಿರ ಆಗಿತ್ತು, ಒಂದು ದಿನ ಕೈ ಕೊಟ್ಟದ್ದಿಲ್ಲ."

"ನಿಮ್ಮ ಅಣ್ಣ ಯಾವ ಆಸ್ಪತ್ರೆಯಲ್ಲಿ?" ಅಂತ ಭಾವ ಮೆಲ್ಲ ಕೇಳಿದರು.

"ಆಸ್ಪತ್ರೆಯಾ? ಅಣ್ಣ ಬೋಟಲ್ಲಿ. ನಂದು ಬಂದರಲ್ಲಿ ಮೀನಿನ ಯಾಪಾರ." ಸ್ವಲ್ಪ ತಡೆದು, "ಹಾಂ, ಡಿಕ್ಕಿಯಲ್ಲಿ ನನ್ನ ಐಸ್ ಬಾಕ್ಸಿನ ಮುಚ್ಚಳ ಉಳಿದಿತ್ತು, ಅದು ಸಿಕ್ಕಿತಾ?"