ಹೊಂಡದ ಷಷ್ಟ್ಯಬ್ದಿ

ಉಡುಪಿಯ ನಮ್ಮ ನೆರೆಮನೆಯಲ್ಲಿ ಕಕ್ಕಸಿನ ಹೊಂಡಕ್ಕೆ ಮುರಕಲ್ಲು ಕಡಿಸುವಾಗ ವಾಸ್ತುವಿನವರು ಮೂಲೆ ತೋರಿಸಿದರು, ಮೇಸ್ತ್ರಿ ಅಗಲ ಹೇಳಿದರು, ಯಜಮಾನರ ಭಾವ ತಮ್ಮ ಮನೆಯ ಹೊಂಡದ ಆಳವನ್ನು ಹೇಳಿ ಹಟಕ್ಕೆ ಎರಡಡಿ ಹೆಚ್ಚಿಸುವಂತೆ ಮಾಡಿದರು. ಮನೆಯಲ್ಲಿ ಎಷ್ಟು ಜನ ಎಂದು ಮಾತ್ರ ಯಾರೂ ಕೇಳಲಿಲ್ಲ. ಐದೇ ಜನ. ದುಂಡನೆಯ ಹೊಂಡ, 6 ಅಡಿ ಅಗಲ, 15 ಅಡಿ ಆಳ. ಸುಮಾರು 12,000 ಲೀಟರ್.

ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ನೀರು ನಿಂತ ಗುಂಡಿಯಲ್ಲಿ ಒಬ್ಬರ ಲೆಕ್ಕಕ್ಕೆ ವರ್ಷಕ್ಕೆ ಉಳಿಯುವ ಹೂಳು 40 ಲೀಟರ್, ಒಣ ಗುಂಡಿಯಲ್ಲಿ 60. ಮಿಕ್ಕಿದ್ದರಲ್ಲಿ ನೀರು ಮಣ್ಣಿಗೆ ಇಂಗುತ್ತದೆ, ಕೊಳೆಯುವಂಥದ್ದನ್ನು ಸೂಕ್ಷ್ಮಾಣುಗಳು ತಿಂದು ಅನಿಲವಾಗಿಸುತ್ತವೆ. ಶಾಖ ಹತ್ತು ಡಿಗ್ರಿ ಏರಿದರೆ ಅವುಗಳ ಹಸಿವು ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, ನಾವು ಬೈಯುವ ಕರಾವಳಿಯ ಸೆಕೆ ಅವುಗಳ ಪಾಲಿಗೆ ವರ್ಷವಿಡೀ ಸಮಾರಾಧನೆ. (ಮರಳು, ಪ್ಲಾಸ್ಟಿಕ್ಕುಗಳಂಥವನ್ನು ಯಾವ ಸೆಕೆಯೂ ಕರಗಿಸದು, ಕೊನೆಗೆ ಹೊಂಡ ತುಂಬಿಸುವುದು ಅವೇ.) ಐದು ಜನರಿಗೆ ವರ್ಷಕ್ಕೆ 200 ಲೀಟರ್ ಎಂದರೆ ಈ ಹೊಂಡ ತುಂಬಲು 60 ವರ್ಷ ಬೇಕು. ಯಜಮಾನರ ಷಷ್ಟ್ಯಬ್ದಿ ಮುಂದಿನ ವರ್ಷ; ಹೊಂಡದ ಷಷ್ಟ್ಯಬ್ದಿಗೆ ಮೊಮ್ಮಕ್ಕಳು ಶಾಂತಿಹೋಮ ಮಾಡಿಸಬೇಕು.

ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಯೇ ನಾಲ್ಕು ವರ್ಷ ಬಾಳುತ್ತದೆ, ಅಂಥ ಎರಡನ್ನು ತೋಡಿ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ ಮೊದಲನೆಯದು ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ ಎಂದು ನಾನು ವಿನಂತಿಸಿದೆ. ಮಗಳ ಮದುವೆಗೆ ಗಂಜಿ ಬಡಿಸಿ ಎಂದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಭಾವನವರಂತೂ ತಮ್ಮ ಹೊಂಡ ಇಪ್ಪತ್ತು ವರ್ಷದಿಂದ ತುಂಬಿಯೇ ಇಲ್ಲವೆಂದು ಎದೆ ತಟ್ಟಿಕೊಂಡರು; ತುಂಬದ್ದು ಎಲ್ಲಿಗೆ ಹೋಯಿತೆಂಬುದನ್ನು ಮುರಕಲ್ಲಿನ ತೂತುಗಳು ಬಲ್ಲವು.

ವಾಸ್ತುವಿನ ಮಹಿಮೆಯನ್ನೂ ಇಲ್ಲಿ ಹೇಳಬೇಕು. ಹೊಂಡಕ್ಕೆ ವಾಯವ್ಯ ಶ್ರೇಷ್ಠ, ಬಾವಿಗೆ ಈಶಾನ್ಯ. ಅವರ ಮನೆ ಪೂರ್ವಕ್ಕೆ, ನಮ್ಮದು ಪಶ್ಚಿಮಕ್ಕೆ ಇರುವುದರಿಂದ ಅವರ ವಾಯವ್ಯವೂ ನಮ್ಮ ಈಶಾನ್ಯವೂ ಒಂದೇ ಕಂಪೌಂಡು ಗೋಡೆಯ ಆಚೀಚೆ ಶಾಸ್ತ್ರೋಕ್ತವಾಗಿ ಕೂಡಿಕೊಂಡಿವೆ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಬಾವಿಯ ನೀರು ಬಗ್ಗಿ ಚೆಂಬಿನಲ್ಲಿ ಮೊಗೆಯುವಷ್ಟು ಮೇಲೇರುವಾಗ ಅವರ ಹದಿನೈದಡಿಯ ಹೊಂಡ ಕತ್ತಿನವರೆಗೆ ಅದೇ ನೀರಿನಲ್ಲಿ ನಿಂತಿರುತ್ತದೆ.

ಮೊನ್ನೆ ವರ್ಷ ತುಂಬಿದ್ದಕ್ಕೆ ಸತ್ಯನಾರಾಯಣ ಪೂಜೆಯಿತ್ತು. ಹೊಂಡ ಒಂದು ಗೇಣೂ ಏರಿಲ್ಲವೆಂದು ಯಜಮಾನರು ಬಂದವರಿಗೆಲ್ಲ ಮುಚ್ಚಳ ಸರಿಸಿ ತೋರಿಸಿದರು. ಅಡುಗೆಯವರಿಗೆ ನೀರು ಸಾಲದ್ದರಿಂದ ಪೈಪನ್ನು ನಮ್ಮ ಬಾವಿಗೆ ಇಳಿಸಿದ್ದರು. ಭಾವನವರು ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡರು.