ನಿಷೇಧ ಸರಿ, ಆಮದಿನ ಮಾತೇನು?

ಯುರೋಪಿಯನ್ ಒಕ್ಕೂಟವನ್ನು ತೊರೆದದ್ದರಿಂದ ಬ್ರಿಟನ್ನಿನ ಜಾನುವಾರುಗಳಿಗೆ ಒಳಿತಾಯಿತು, ನಷ್ಟವಾದದ್ದು ರೈತರಿಗೆ ಮತ್ತು ಮೀನುಗಾರರಿಗೆ ಮಾತ್ರ ಎಂಬ, ನಾನು ಓದಿದ ಲೇಖನವೊಂದರ ಅಭಿಪ್ರಾಯವನ್ನು ನಾನು ಅರ್ಧದಷ್ಟೇ ಒಪ್ಪುತ್ತೇನೆ. ವಧೆಗಾಗಿ ಅಥವಾ ಕೊಬ್ಬಿಸುವುದಕ್ಕಾಗಿ ದನ, ಕುರಿ, ಹಂದಿಗಳನ್ನು ಜೀವಂತವಾಗಿ ಹೊರದೇಶಗಳಿಗೆ ಸಾಗಿಸುವುದನ್ನು 2024ರ ಕಾಯ್ದೆ ನಿಷೇಧಿಸಿತು. ಒಕ್ಕೂಟದ ಮಾರುಕಟ್ಟೆ ನಿಯಮಗಳೊಳಗೆ ಇದು ಸುಲಭವಿರಲಿಲ್ಲ ಎಂಬುದು ನಿಜ. ಆದರೆ ಉತ್ತರ ಐರ್ಲೆಂಡಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದನ್ನು ಆ ಲೇಖನ ಹೇಳಿಲ್ಲ. ಇನ್ನೂ ದೊಡ್ಡ ತೊಡಕು ಆಮದಿನದು. ಗಬ್ಬದ ಹಂದಿಯನ್ನು ಮೈ ತಿರುಗಿಸಲೂ ಆಗದ ಇಕ್ಕಟ್ಟಿನ ಗೂಡಿನಲ್ಲಿ ಕೂಡಿಹಾಕುವುದನ್ನು 1999ರಲ್ಲೇ ನಿಲ್ಲಿಸಿದ ದೇಶವು, ಆ ಪದ್ಧತಿಗೆ ಗರ್ಭಧಾರಣೆಯ ಮೊದಲ ನಾಲ್ಕು ವಾರ ಅವಕಾಶವಿರುವ ಒಕ್ಕೂಟದಿಂದ ಹಂದಿಮಾಂಸವನ್ನು ಇಂದಿಗೂ ತರಿಸಿಕೊಳ್ಳುತ್ತಿದೆ. ಹೀಗಾದಾಗ ಕಾನೂನು ಪಾಲಿಸಿದ ಸ್ವಂತ ರೈತನೇ ಬೆಲೆಯಲ್ಲಿ ಸೋಲುತ್ತಾನೆ, ಪ್ರಾಣಿಯ ಸಂಕಟ ಮಾತ್ರ ಬೇರೆ ದೇಶದ ಕೊಟ್ಟಿಗೆಗೆ ವರ್ಗವಾಗುತ್ತದೆ. ಜಮೀನಿನ ವಿಸ್ತೀರ್ಣಕ್ಕೆ ತಕ್ಕಂತೆ ಕೊಡುತ್ತಿದ್ದ ಸಹಾಯಧನವನ್ನು ಇಂಗ್ಲೆಂಡ್ 2021ರಿಂದ ಹಂತಹಂತವಾಗಿ ಇಳಿಸಿ, ಮಣ್ಣು, ಬೇಲಿ, ನೀರಿನ ಆರೈಕೆಗೆ ಹಣ ಕೊಡಹೊರಟದ್ದು ನನಗೆ ಮೆಚ್ಚಿಕೆಯೇ, ಆದರೆ ಅದರ ಮುಖ್ಯ ಯೋಜನೆಗೆ 2025ರ ಮಾರ್ಚ್‌ನಲ್ಲಿ ಏಕಾಏಕಿ ಹೊಸ ಅರ್ಜಿ ಪಡೆಯುವುದನ್ನು ನಿಲ್ಲಿಸಿದ್ದನ್ನು ಯಾವ ರೈತ ಮರೆತಾನು? ಇನ್ನು ಮೀನುಗಾರರಿಗೆ ಸಮುದ್ರವೆಲ್ಲ ನಿಮ್ಮದೇ ಎಂಬ ಆಸೆ ತೋರಿಸಿ, ಕೊನೆಗೆ 2025ರ ಒಪ್ಪಂದದಲ್ಲಿ ಒಕ್ಕೂಟದ ದೋಣಿಗಳಿಗೆ ಬ್ರಿಟನ್ನಿನ ಕಡಲೊಳಗೆ 2038ರವರೆಗೆ ಪ್ರವೇಶವನ್ನು ಮುಂದುವರಿಸಲಾಯಿತು.