ರಾತ್ರಿ ಎಂಟಕ್ಕೆ ಎಷ್ಟು ಮನೆಯಲ್ಲಿ ಲೈಟ್ ಇದೆ?

ಮಂಗಳೂರಿನ ಕುಲಶೇಖರದ ಹತ್ತಿರ ಒಂದು ಫ್ಲ್ಯಾಟ್ ನೋಡಿ ಬಂದೆವು. ಎರಡು ವರ್ಷದ ಹಿಂದೆ 68 ಲಕ್ಷ ಹೇಳಿದ್ದ ಬಿಲ್ಡರ್ ಈಗ ಅವರೇ ಫೋನ್ ಮಾಡಿ 60ಕ್ಕೆ ಕೊಡುತ್ತೇನೆ ಅಂದರು. ಮಾರ್ಕೆಟ್ ಬಿದ್ದಿದೆ, ಇದೇ ಸಮಯ ಅಂತ ಒತ್ತಾಯ ಬೇರೆ. ಬಿಕರ್ನಕಟ್ಟೆಯಲ್ಲಿ ಆರು ವರ್ಷದಿಂದ ಬಾಡಿಗೆಗೆ ಇರುವ ನಮಗೆ ಆಸೆ ಆಗದೆ ಇರುತ್ತದಾ?

ಅತ್ತೆಯಂತೂ "ಇನ್ನೆಂತ ಯೋಚನೆ? ಬಾಡಿಗೆ ದುಡ್ಡು ಹೊಳೆಗೆ ಹಾಕಿದ ಹಾಗೆ. ಆಟಿ ತಿಂಗಳು ಕಳೆದ ಕೂಡಲೇ ಮನೆ ಒಕ್ಕಲು ಮಾಡಿ" ಅಂದರು.

ಬಡ್ಡಿಯೂ ಹೊಳೆಗೆ ಹಾಕುವ ದುಡ್ಡೇ ಅಲ್ವಾ? ರಾತ್ರಿ ಕೂತು ಲೆಕ್ಕ ಹಾಕಿದೆ. ಕೈಯಿಂದ 12 ಲಕ್ಷ, ಸಾಲ 48 ಲಕ್ಷ. ಶೇ. 8 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 40 ಸಾವಿರ ಚಿಲ್ಲರೆ ಕಂತು. ಮೊದಲ ತಿಂಗಳು ಅದರಲ್ಲಿ 32 ಸಾವಿರ ಬರೀ ಬಡ್ಡಿ. ಮೂರು ವರ್ಷದಲ್ಲಿ ಸುಮಾರು 14.45 ಲಕ್ಷ ಕಟ್ಟಿದರೆ ಅಸಲು ಇಳಿಯುವುದು 3.3 ಲಕ್ಷ ಮಾತ್ರ. ಅಂಥದ್ದೇ ಮನೆಗೆ ಅಲ್ಲೇ ಬಾಡಿಗೆ 15 ಸಾವಿರ, ಮೂರು ವರ್ಷಕ್ಕೆ 5.4 ಲಕ್ಷ. ಮೇಲಿಂದ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್. 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಶುಲ್ಕ ಶೇ. 1ರಿಂದ 2 ಆಗಿದೆ. ಎಲ್ಲ ಸೇರಿ ನಾಲ್ಕೂವರೆ ಲಕ್ಷ ಅಲ್ಲೇ ಹೋಯಿತು. ಯಜಮಾನರಿಗೆ ಮೂರು ವರ್ಷದಲ್ಲಿ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿ, ಆಗಲೂ ಫ್ಲ್ಯಾಟಿನ ರೇಟ್ ಏಳದೇ ಇದ್ದರೆ? ಈಗ ಉಳಿಯಿತು ಅಂದುಕೊಂಡ ಎಂಟು ಲಕ್ಷ ಎಲ್ಲಿರುತ್ತದೆ?

ಆದರೂ ಮನಸ್ಸು ಕೇಳಲಿಲ್ಲ. ಜೋರು ಮಳೆಯ ಒಂದು ರಾತ್ರಿ ಎಂಟು ಗಂಟೆಗೆ, ಯಾರಿಗೂ ಹೇಳದೆ ಆ ಬಿಲ್ಡಿಂಗಿನ ಎದುರು ಹೋಗಿ ನಿಂತೆವು. ಕೊಡೆ ಹಿಡಿದುಕೊಂಡು ಲೈಟ್ ಎಣಿಸಿದೆವು. 24 ಮನೆಯಲ್ಲಿ ಬೆಳಕಿದ್ದದ್ದು ಏಳರಲ್ಲಿ. ವಾಚ್‌ಮನ್ ಒಳ್ಳೆಯ ಮನುಷ್ಯ, ಒಳಗೆ ಬಿಟ್ಟರು. ನಾವು ನೋಡಿದ್ದ ಫ್ಲ್ಯಾಟಿನ ಬೆಡ್‌ರೂಮಿನಲ್ಲಿ, ಕಿಟಕಿಯ ಕೆಳಗೆ, ಹೊಸ ಪೇಂಟಿನ ಮೇಲೆ ಅಂಗೈಯಗಲ ಉಬ್ಬಿತ್ತು. ಬೆರಳಿಟ್ಟರೆ ಪುಡಿ ಉದುರಿತು, ಬೆರಳು ಒದ್ದೆಯಾಯಿತು.

ಗೋಡೆಯನ್ನಾದರೂ ರಿಪೇರಿ ಮಾಡಿಸಬಹುದು. ಆ ಏಳು ಲೈಟ್ ನನ್ನನ್ನು ಹೆದರಿಸಿತು. ಲಿಫ್ಟ್, ಜನರೇಟರ್, ವಾಚ್‌ಮನ್ ಸಂಬಳ ಎಲ್ಲ ಯಾರ ತಲೆಗೆ? ಬಿಲ್ಡರ್ ಖಾಲಿ ಮನೆಗಳ ಮೇಂಟೆನೆನ್ಸ್ ಕೊಡುತ್ತಿಲ್ಲವಂತೆ. ತುಂಬೆ ಡ್ಯಾಂನಲ್ಲಿ ನೀರು ಇಳಿದು 2019ರಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಂದದ್ದು ನೆನಪಿದೆಯಾ? ಅಂಥ ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡನ್ನೂ ಏಳೇ ಮನೆಯವರು ಹಂಚಿಕೊಳ್ಳಬೇಕು. ಮಾರ್ಕೆಟ್ ಬಿದ್ದಾಗ ರೇಟ್ ಮಾತ್ರ ಇಳಿಯುವುದಲ್ಲ, ಬಿಲ್ಡಿಂಗಿನಲ್ಲಿ ಜನವೂ ಇರುವುದಿಲ್ಲ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ.

ಬಾಡಿಗೆ ಸುಖ ಅಂತ ನಾನು ಹೇಳುತ್ತಿಲ್ಲ. ಹಿಂದಿನ ಮನೆಯ ಓನರ್ ಗಲ್ಫ್‌ನಿಂದ ವಾಪಸ್ ಬಂದರು, ಜೂನ್ ತಿಂಗಳ ಮಳೆಯಲ್ಲಿ ನಾವು ಸಾಮಾನು ಸಾಗಿಸಿದೆವು. ಮಗಳ ಪುಸ್ತಕಗಳೆಲ್ಲ ಒದ್ದೆ. ಅವತ್ತು ಅವಳು ಅತ್ತದ್ದನ್ನು ನಾನು ಮರೆತಿಲ್ಲ. ಉಡುಪಿಯ ಸಂತೆಕಟ್ಟೆಯಲ್ಲಿ ನನ್ನ ಅಕ್ಕ ಕಳೆದ ವರ್ಷ ಮನೆ ತೆಗೆದುಕೊಂಡಳು. ಅವಳು ಮಾಡಿದ್ದು ಸರಿ. ಭಾವನ ಕೆಲಸ ಅಲ್ಲೇ, ವಯಸ್ಸಾದ ಅಪ್ಪ-ಅಮ್ಮ ಜೊತೆಯಲ್ಲೇ. ಇಪ್ಪತ್ತು ವರ್ಷ ಅವರು ಎಲ್ಲಿಗೂ ಹೋಗುವವರಲ್ಲ. ಅಂಥವರಿಗೆ ರೇಟ್ ಇನ್ನೂ ಸ್ವಲ್ಪ ಬಿದ್ದರೂ ಏನೂ ಆಗುವುದಿಲ್ಲ.

ನಾವು ಮೊನ್ನೆ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಮತ್ತೆ ಸಹಿ ಹಾಕಿದೆವು. ಅತ್ತೆಗೆ ಇನ್ನೂ ಬೇಜಾರು ಇದೆ. ಹುಡುಕುವುದನ್ನು ಮಾತ್ರ ಬಿಟ್ಟಿಲ್ಲ. ಕಾವೂರು, ದೇರೆಬೈಲು ಕಡೆ ಹತ್ತು-ಹದಿನೈದು ವರ್ಷದ ಹಳೇ ಬಿಲ್ಡಿಂಗ್, ಬಾವಿ ಇರುವಂಥದ್ದು, ಜನ ತುಂಬಿರುವಂಥದ್ದು ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮಳೆ ನಿಲ್ಲುವ ಮೊದಲೇ ಒಮ್ಮೆ ಬಂದು ಗೋಡೆ ಮುಟ್ಟಿ ನೋಡಬೇಕು.